ಚಕ್ರದ ಕೊಳೆ ಯಾವ ಪದರದಲ್ಲಿದೆ?

ಆಯುಧಪೂಜೆಯ ಹಿಂದಿನ ಸಂಜೆ ಯಾವ ಬೀದಿಗಾದರೂ ಹೋಗಿ ನೋಡಿ. ಬಾನೆಟ್ಟಿಗೆ ಶಾಂಪೂ, ಗಾಜಿಗೆ ಹಳೇ ಪೇಪರು. ಚಕ್ರಕ್ಕೆ ಮಾತ್ರ ಅಡುಗೆಮನೆಯಿಂದ ಬಂದ ಸ್ಟೀಲ್ ಸ್ಕ್ರಬ್ಬರು, ಜೊತೆಗೆ ಪಾತ್ರೆ ಪುಡಿ. ಮರುದಿನ ಕುಂಕುಮ ಹಚ್ಚಿ ನಿಂಬೆಹಣ್ಣಿನ ಮೇಲೆ ಹತ್ತಿಸುವಾಗ ಚಕ್ರ ಥಳಥಳ ಅನ್ನುತ್ತದೆ, ನಿಜ. ಮುಂದಿನ ಮಳೆಗಾಲ ಮುಗಿಯುವಷ್ಟರಲ್ಲಿ ಅದೇ ಚಕ್ರದ ಮೇಲೆ ಬಿಳಿ ಹುಳು ಹರಿದಾಡಿದಂಥ ಗೆರೆಗಳು ಎದ್ದಿರುತ್ತವೆ. ಆ ಹುಳುವಿಗೆ ದಾರಿ ಮಾಡಿಕೊಟ್ಟದ್ದು ಸ್ಕ್ರಬ್ಬರೇ.

ನಾವು ಅಲಾಯ್ ಚಕ್ರ ಅನ್ನುವುದು ಅಲ್ಯೂಮಿನಿಯಂ ಎರಕ. ಹೆಚ್ಚಿನವು ಎ356 ಎಂಬ ಮಿಶ್ರಲೋಹದವು. ಅದರಲ್ಲಿ ನೂರಕ್ಕೆ 7 ಪಾಲು ಸಿಲಿಕಾನ್, 0.3ರ ಆಸುಪಾಸು ಮೆಗ್ನೀಷಿಯಂ, ಉಳಿದದ್ದು ಬಹುತೇಕ ಅಲ್ಯೂಮಿನಿಯಂ. (ಮ್ಯಾಗ್ ವೀಲ್ ಎಂಬ ಹಳೇ ಹೆಸರು ರೇಸ್ ಕಾರುಗಳ ಮೆಗ್ನೀಷಿಯಂ ಚಕ್ರದಿಂದ ಬಂದದ್ದು. ಇಂದು ಅಂಗಡಿಯಲ್ಲಿ ಆ ಹೆಸರಲ್ಲಿ ಸಿಗುವುದೂ ಅಲ್ಯೂಮಿನಿಯಮ್ಮೇ.) ಗಾಳಿ ತಾಗಿದ ಕ್ಷಣವೇ ಅಲ್ಯೂಮಿನಿಯಂ ಮೈಮೇಲೆ ಕೆಲವೇ ನ್ಯಾನೊಮೀಟರ್ ದಪ್ಪದ ಆಕ್ಸೈಡ್ ಪೊರೆ ಕಟ್ಟಿಕೊಳ್ಳುತ್ತದೆ. ಕಬ್ಬಿಣದ ತುಕ್ಕು ಪುಡಿಪುಡಿಯಾಗಿ ಉದುರಿ ಒಳಗಿನ ಲೋಹವನ್ನು ಬಯಲಿಗಿಡುತ್ತದೆ. ಈ ಪೊರೆ ಹಾಗಲ್ಲ, ಬಿಗಿಯಾಗಿ ಕೂತು ಒಳಗಿನದನ್ನು ಕಾಯುತ್ತದೆ. ಅಂದಮೇಲೆ ಚಕ್ರ ಆಕ್ಸೈಡ್ ಆಗಿದೆ ಎಂದು ಗಾಬರಿಯಾಗುವುದರಲ್ಲಿ ಅರ್ಥವಿಲ್ಲ. ಕೇಡು ಶುರುವಾಗುವುದು ಆ ಪೊರೆ ಒಡೆದಾಗ. ಒಡೆಯುವವರು ಮೂವರು: ಉಪ್ಪು, ಆಮ್ಲ, ಕ್ಷಾರ. ಆಮ್ಲ-ಕ್ಷಾರದ ಅಳತೆಯಾದ ಪಿಎಚ್ 4ರಿಂದ 9ರ ನಡುವೆ ಪೊರೆ ಗಟ್ಟಿ. ಅದಕ್ಕಿಂತ ಕೆಳಗೂ ಮೇಲೂ ಕರಗುತ್ತದೆ. ಉಪ್ಪಿನ ಕ್ಲೋರೈಡಿಗೆ ಪಿಎಚ್ಚಿನ ಹಂಗೂ ಇಲ್ಲ, ಸೂಜಿಯಲ್ಲಿ ಚುಚ್ಚಿದ ಹಾಗೆ ಅಲ್ಲಲ್ಲಿ ತೂತು ಮಾಡಿ ಒಳಗಿಳಿಯುತ್ತದೆ. ಕಾರವಾರದಿಂದ ಮಂಗಳೂರಿನವರೆಗೆ ಸಮುದ್ರದ ಪಕ್ಕದ ಹೆದ್ದಾರಿಯಲ್ಲಿ ಓಡುವ ಕಾರುಗಳ ಚಕ್ರ ಮೈಸೂರಿನ ಕಾರುಗಳಿಗಿಂತ ಬೇಗ ಬಿಳಿಚುವುದು ಇದರಿಂದಲೇ.

ಈ ಲೋಹದ ಮೇಲೆ ಕಂಪನಿಯವರು ಪ್ರೈಮರ್, ಬಣ್ಣ, ಎಲ್ಲಕ್ಕೂ ಮೇಲೆ ಪಾರದರ್ಶಕ ಕ್ಲಿಯರ್ ಕೋಟ್ ಹಾಕಿರುತ್ತಾರೆ. ಕ್ಲಿಯರಿನ ದಪ್ಪ ಸಾಮಾನ್ಯವಾಗಿ ತಲೆಗೂದಲಿಗಿಂತ ಕಡಿಮೆ. ನೀವು ಉಜ್ಜುವುದು, ಪಾಲಿಷ್ ಮಾಡುವುದು ಎಲ್ಲವೂ ಅಷ್ಟರೊಳಗೇ ಮುಗಿಯಬೇಕು. ಆದ್ದರಿಂದ ಬಾಟಲಿ ಕೊಳ್ಳುವ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಕೊಳೆ ಕ್ಲಿಯರಿನ ಮೇಲಿದೆಯೋ, ಕ್ಲಿಯರಿಗೇ ಕಚ್ಚಿಕೊಂಡಿದೆಯೋ, ಕ್ಲಿಯರಿನ ಕೆಳಗಿದೆಯೋ?

ಮೊದಲು ಬರೀ ನೀರಲ್ಲಿ ತೊಳೆದು ಒಣಗಿಸಿ, ಉಗುರಿನಿಂದ ಸವರಿ ನೋಡಿ. ನುಣ್ಣಗಿದ್ದು ಬರೀ ಮಂಕಾಗಿದ್ದರೆ ಕೊಳೆ ಮೇಲಿದೆ, ಇಲ್ಲವೇ ಕ್ಲಿಯರ್ ಬಿಸಿಲಿಗೆ ಬಾಡಿದೆ. ರವೆ ಚೆಲ್ಲಿದ ಹಾಗೆ ಕಿತ್ತಳೆ ಚುಕ್ಕೆಗಳು ಉಗುರಿಗೆ ತರಿತರಿಯಾಗಿ ಸಿಕ್ಕರೆ ಅದು ಬ್ರೇಕಿನ ಕಬ್ಬಿಣದ ಪುಡಿ, ಕ್ಲಿಯರಿಗೆ ಕಚ್ಚಿದೆ. ಬಿಳಿ ಗೆರೆ ಅಥವಾ ಬಿಳಿ ಮೋಡ ಕಂಡು, ಅದರ ಮೇಲೆ ಉಗುರು ಜಾರಿಹೋದರೆ, ಅಥವಾ ಅಂಚಿನಲ್ಲಿ ಸಿಪ್ಪೆಯಂತೆ ಎದ್ದಿದ್ದರೆ ಕಾಯಿಲೆ ಕೆಳಗಿದೆ. ಅದಕ್ಕೆ ಯಾವ ಕ್ಲೀನರೂ ತಾಗುವುದಿಲ್ಲ. ಗಾಜಿನ ಆಚೆಗಿನ ಕೊಳೆಯನ್ನು ಈಚೆಯಿಂದ ಒರೆಸಿದ ಹಾಗೆ.

ಮೊದಲ ಎರಡಕ್ಕೆ ಮನೆಯಲ್ಲೇ ಪೂರ್ತಿ ಪರಿಹಾರ ಇದೆ.

ಚಕ್ರ ತಣ್ಣಗಿರಬೇಕು. ಚಾರ್ಮಾಡಿ ಇಳಿದು ಬಂದ ಕಾರಿನ ಮುಂದಿನ ಚಕ್ರದ ಹತ್ತಿರ ಕೈ ಹಿಡಿದರೇ ಕಾವು ಗೊತ್ತಾಗುತ್ತದೆ. ಆಗ ನೀರು ಹೊಡೆದರೆ ಬ್ರೇಕಿನ ಡಿಸ್ಕ್ ಸೊಟ್ಟಗಾಗುವ ಅಪಾಯ ಒಂದು ಕಡೆ, ಶಾಂಪೂ ಅಲ್ಲೇ ಒಣಗಿ ಕಲೆ ಕಟ್ಟುವುದು ಇನ್ನೊಂದು ಕಡೆ. ಬರಿಗೈ ಇಟ್ಟರೆ ತಣ್ಣಗೆ ಅನಿಸುವವರೆಗೆ ಕಾಯಿರಿ. ನೆರಳಲ್ಲಿ ಒಂದು ಗಂಟೆಯಾದರೂ ಬೇಕು. ಒಂದು ಸಲಕ್ಕೆ ಒಂದೇ ಚಕ್ರ. ನಾಲ್ಕಕ್ಕೂ ಒಟ್ಟಿಗೆ ನೊರೆ ಬಳಿದು ನಿಂತರೆ ನಾಲ್ಕನೆಯದಕ್ಕೆ ಹೋಗುವಷ್ಟರಲ್ಲಿ ಮೊದಲನೆಯದು ಒಣಗಿರುತ್ತದೆ.

ಪೈಪಿನ ನೀರಿನಿಂದ ಸಡಿಲ ಮಣ್ಣನ್ನೆಲ್ಲ ಇಳಿಸಿ, ಮುಖ್ಯವಾಗಿ ಚಕ್ರದ ಒಳಬದಿಯದನ್ನು. ಮಲೆನಾಡು, ಕರಾವಳಿಯ ಕೆಂಪು ಕೆಸರು ಒಳಗೆ ಒಂದೇ ಕಡೆ ಹೆಪ್ಪುಗಟ್ಟಿದರೆ ಚಕ್ರದ ಬ್ಯಾಲೆನ್ಸ್ ತಪ್ಪಿ 80ರ ವೇಗದಲ್ಲಿ ಸ್ಟಿಯರಿಂಗ್ ನಡುಗುತ್ತದೆ. ಎಷ್ಟೋ ಜನ ಇದಕ್ಕೇ ಅಲೈನ್‌ಮೆಂಟ್ ಮಾಡಿಸಿ ಬರುತ್ತಾರೆ. ಆಮೇಲೆ 10 ಲೀಟರ್ ನೀರಿಗೆ 20ರಿಂದ 30 ಮಿ.ಲೀ. ಕಾರ್ ಶಾಂಪೂ. ಪಕ್ಕದಲ್ಲಿ ಬ್ರಷ್ ಜಾಲಾಡಲು ಇನ್ನೊಂದು ಬಕೆಟ್ ಬರೀ ನೀರು. ಈ ಬಕೆಟ್ಟನ್ನೂ ಬಟ್ಟೆಯನ್ನೂ ಕಾರಿನ ಮೈಗೆ ಬಳಸಬೇಡಿ, ಚಕ್ರದ ಕಬ್ಬಿಣದ ಪುಡಿ ಪೇಂಟಿನ ಮೇಲೆ ಗೀರು ಹಾಕುತ್ತದೆ. ಚಕ್ರದ ಕಡ್ಡಿಗಳ (ಸ್ಪೋಕ್) ಸಂದಿಗೆ ಮೆತ್ತನೆ ಕೂದಲಿನ ಬ್ರಷ್, ನಟ್ಟಿನ ಗುಳಿಗೆ ಹಳೆಯ ಪೇಂಟ್ ಬ್ರಷ್. ಬ್ರಷ್ಷಿನ ಲೋಹದ ಪಟ್ಟಿಗೆ ಎರಡು ಸುತ್ತು ಟೇಪ್ ಸುತ್ತಿಕೊಳ್ಳಿ, ಗೀರುವುದು ಕೂದಲಲ್ಲ, ಆ ಪಟ್ಟಿ.

ಇನ್ನು ಕಿತ್ತಳೆ ಚುಕ್ಕೆ. ಬ್ರೇಕ್ ಒತ್ತಿದಾಗ ಎರಕದ ಕಬ್ಬಿಣದ ಡಿಸ್ಕ್ ಸವೆದು ಪುಡಿಯಾಗುತ್ತದೆ, ಪ್ಯಾಡಿನ ರಾಳವೂ ಅದರ ಜೊತೆ. ಕಾದ ಕಣಗಳು ಹಾರಿ ಕ್ಲಿಯರಿಗೆ ಚುಚ್ಚಿಕೊಳ್ಳುತ್ತವೆ, ಆಮೇಲೆ ತೇವಕ್ಕೆ ತುಕ್ಕು ಹಿಡಿಯುತ್ತವೆ. ನಮ್ಮ ಸಣ್ಣ ಕಾರುಗಳಲ್ಲಿ ಹಿಂದುಗಡೆ ಡ್ರಮ್ ಬ್ರೇಕು, ಪುಡಿ ಡ್ರಮ್ಮಿನೊಳಗೇ ಉಳಿಯುತ್ತದೆ. ಮುಂದಿನ ಚಕ್ರ ಕಪ್ಪು, ಹಿಂದಿನದು ಸ್ವಚ್ಛ ಇರುವುದು ಅದಕ್ಕೇ. ಇದನ್ನು ತೆಗೆಯಲು ಐರನ್ ರಿಮೂವರ್ ಎಂದೇ ಸಿಗುವ ದ್ರವ ಇದೆ. ಒಳಗಿರುವುದು ಥಯೋಗ್ಲೈಕೊಲೇಟ್, ಬ್ಯೂಟಿ ಪಾರ್ಲರಿನಲ್ಲಿ ಕೂದಲು ಗುಂಗುರು ಮಾಡುವ ಪರ್ಮಿನ ಔಷಧಿಯ ಹತ್ತಿರದ ನೆಂಟ. ವಾಸನೆಯೂ ಹಾಗೇ, ಕೊಳೆತ ಮೊಟ್ಟೆ. ಬಾಟಲಿಯ ಮೇಲೆ ಆಮ್ಲರಹಿತ, ಪಿಎಚ್ ನ್ಯೂಟ್ರಲ್ ಎಂದಿರಬೇಕು.

ಚಕ್ರದಿಂದ ನೀರು ಬಸಿದು ಹೋಗಲಿ, ಇಲ್ಲದಿದ್ದರೆ ದ್ರವ ತೆಳುವಾಗುತ್ತದೆ. ಒಂದು ಚಕ್ರಕ್ಕೆ 50-60 ಮಿ.ಲೀ. ಸಾಕು. ಸಿಂಪಡಿಸಿದಾಗ ಏನೂ ಆಗದ ಹಾಗೆ ಕಾಣುತ್ತದೆ. ಅರ್ಧ ನಿಮಿಷಕ್ಕೆ ಚುಕ್ಕೆಗಳ ಸುತ್ತ ತಿಳಿ ನೇರಳೆ, ಆಮೇಲೆ ಕಡ್ಡಿಗಳ ಬುಡದಿಂದ ನೇರಳೆ ಹಣ್ಣಿನ ರಸದಂತೆ ಗೆರೆ ಗೆರೆಯಾಗಿ ಇಳಿದು, ಟೈರಿನ ಅಂಚಲ್ಲಿ ಕಡು ಬಣ್ಣಕ್ಕೆ ತಿರುಗಿ, ನೆಲಕ್ಕೆ ತೊಟ್ಟಿಕ್ಕುತ್ತದೆ. ಕಬ್ಬಿಣ ಕರಗುತ್ತಿದೆ ಎನ್ನುವುದಕ್ಕೆ ಅದೇ ಗುರುತು. 3ರಿಂದ 5 ನಿಮಿಷ ಬಿಟ್ಟು, ಬ್ರಷ್ಷಿನಿಂದ ಅಲ್ಲಾಡಿಸಿ, ಧಾರಾಳ ನೀರಲ್ಲಿ ತೊಳೆಯಿರಿ. ಒಣಗಲು ಬಿಟ್ಟರೆ ಆ ನೇರಳೆಯೇ ಕಲೆಯಾಗಿ ಉಳಿದೀತು. ವರ್ಷಗಟ್ಟಲೆ ಬಿಟ್ಟ ಚಕ್ರಕ್ಕೆ ಎರಡು, ಮೂರು ಸುತ್ತು ಬೇಕಾಗುತ್ತದೆ. ಒಂದೇ ಸುತ್ತಿಗೆ ಮುಗಿಸುವ ಆಸೆಗೆ ಅರ್ಧ ಗಂಟೆ ಬಿಡುವುದು ಪೆದ್ದುತನ. ಕಾಂಕ್ರೀಟ್ ನೆಲದ ಮೇಲೂ ನೀರು ಹೊಡೆಯುತ್ತಲೇ ಇರಿ.

ಚುಕ್ಕೆ ಹೋದ ಮೇಲೆ ಉಳಿಯುವ ಕಪ್ಪು ಹನಿಗಳು ಡಾಂಬರು. ಬಟ್ಟೆಗೆ ಟರ್ಪೆಂಟೈನ್ ಹಾಕಿ ಒಂದು ನಿಮಿಷ ಒತ್ತಿ ಹಿಡಿದರೆ ಮೆತ್ತಗಾಗಿ ಬಿಡುತ್ತದೆ. ಪೇಂಟಿನ ಥಿನ್ನರ್ ಬೇಡ, ಅದು ಡಾಂಬರಿನ ಜೊತೆ ಕ್ಲಿಯರನ್ನೂ ಮೆತ್ತಗೆ ಮಾಡುತ್ತದೆ. ಬೋರ್‌ವೆಲ್ ನೀರು ಒಣಗಿ ಉಳಿದ ಬಿಳಿ ಉಂಗುರ ಸುಣ್ಣದ್ದು. ಬಿಳಿ ವಿನೆಗರಿಗೆ ಅಷ್ಟೇ ನೀರು ಬೆರೆಸಿ ಒಂದೆರಡು ನಿಮಿಷ ಮಾತ್ರ ಬಟ್ಟೆಯಲ್ಲಿ ಹಿಡಿದು ತೊಳೆದುಬಿಡಿ. ಕ್ಲಿಯರ್ ಒಡೆದು ಲೋಹ ಕಾಣುತ್ತಿರುವ ಕಡೆ ವಿನೆಗರನ್ನೂ ತಾಗಿಸಬೇಡಿ.

ಮನೆಯ ಮೂಲೆಯಲ್ಲಿರುವ ಟಾಯ್ಲೆಟ್ ಆ್ಯಸಿಡ್ ಬಗ್ಗೆ ಸ್ವಲ್ಪ ಗಡುಸಾಗಿಯೇ ಹೇಳಬೇಕು. ಅದು ಹೈಡ್ರೋಕ್ಲೋರಿಕ್ ಆಮ್ಲ. ಚಕ್ರಕ್ಕೆ ಹಾಕಿದರೆ ಒಂದೇ ನಿಮಿಷದಲ್ಲಿ ಬೆಳ್ಳಗಾಗುತ್ತದೆ, ತೊಳೆದವನಿಗೆ ಖುಷಿ. ಆದರೆ ಆ ಬಿಳುಪು ಸ್ವಚ್ಛತೆಯದಲ್ಲ, ಆಮ್ಲ ಲೋಹವನ್ನು ಕಚ್ಚಿ ತರಿ ಮಾಡಿದ್ದರ ಬಿಳುಪು. ಜೊತೆಗೆ ಸಂದಿಗೊಂದಿಯಲ್ಲಿ ಕ್ಲೋರೈಡನ್ನೂ ಬಿಟ್ಟು ಹೋಗುತ್ತದೆ, ಅಂದರೆ ಕಡಲ ಉಪ್ಪನ್ನು ನೀವೇ ಕೈಯಾರೆ ತುಂಬಿದಂತೆ. ಬ್ಲಾಕ್ ಆದ ಸಿಂಕಿಗೆ ಹಾಕುವ ಕಾಸ್ಟಿಕ್ ಸೋಡ ಇನ್ನೊಂದು ತುದಿ. ಅಲ್ಯೂಮಿನಿಯಮ್ಮಿನ ಮೇಲೆ ಅದು ಗುಳ್ಳೆ ಗುಳ್ಳೆಯಾಗಿ ಕುದಿಯುತ್ತದೆ, ಆ ಗುಳ್ಳೆ ಹೈಡ್ರೋಜನ್. ಎಲ್ಲಕ್ಕಿಂತ ಅಪಾಯದ್ದು ಕೆಲವು ಖಡಕ್ ವೀಲ್ ಕ್ಲೀನರ್‌ಗಳಲ್ಲಿರುವ ಹೈಡ್ರೋಫ್ಲೋರಿಕ್ ಆಮ್ಲ ಅಥವಾ ಅಮೋನಿಯಂ ಬೈಫ್ಲೋರೈಡ್. ಚರ್ಮಕ್ಕೆ ತಾಗಿದಾಗ ತಕ್ಷಣ ಉರಿಯದೇ ಇರಬಹುದು, ಗಂಟೆಗಳ ಮೇಲೆ ನೋವು ಏಳುತ್ತದೆ. ಅಷ್ಟರಲ್ಲಿ ಅದು ಒಳಗಿಳಿದು ದೇಹದ ಕ್ಯಾಲ್ಸಿಯಮ್ಮನ್ನು ಹಿಡಿದಿರುತ್ತದೆ. ಲೇಬಲಿನಲ್ಲಿ ಈ ಹೆಸರು ಕಂಡರೆ ಅಂಗಡಿಯಲ್ಲೇ ಬಿಟ್ಟು ಬನ್ನಿ.

ಎಲ್ಲ ತೆಗೆದ ಮೇಲೂ ಹಾಲು ಬೆರೆಸಿದಂಥ ಮಂಕು ಉಳಿದರೆ ಕ್ಲಿಯರ್ ಬಿಸಿಲಿಗೆ ಬಾಡಿದೆ ಎಂದರ್ಥ. ಪೇಂಟ್ ಅಂಗಡಿಯ ರಬ್ಬಿಂಗ್ ಕಾಂಪೌಂಡ್ ಹೆಸರುಕಾಳಿನಷ್ಟು ಬಟ್ಟೆಗೆ ತೆಗೆದುಕೊಂಡು ಅಂಗೈಯಗಲದ ಜಾಗದಲ್ಲಿ 20-30 ಸಲ ಉಜ್ಜಿ ಒರೆಸಿ. ಹೊಳಪು ಬಂದರೆ ಅದೇ ರೀತಿ ಮುಂದುವರಿಯಿರಿ. ಬಟ್ಟೆಗೆ ಚಕ್ರದ ಬಣ್ಣ ಹತ್ತಿದರೆ ಕ್ಲಿಯರ್ ಮುಗಿದಿದೆ, ಅಲ್ಲಿಗೆ ನಿಲ್ಲಿಸಿ. ಕೊನೆಗೆ ವೀಲ್ ವ್ಯಾಕ್ಸ್ ಅಥವಾ ಸೀಲಂಟ್ ತೆಳುವಾಗಿ, ಎರಡು ಮೂರು ತಿಂಗಳಿಗೊಮ್ಮೆ. ಇದು ಹೊಳಪಿಗಿಂತ ಹೆಚ್ಚಾಗಿ ಕಬ್ಬಿಣದ ಪುಡಿ ಕಚ್ಚದಿರಲಿ ಎಂದು. ಡಿಸ್ಕಿನ ಮೇಲೆ ಮಾತ್ರ ಒಂದು ಹನಿ ವ್ಯಾಕ್ಸೂ ಬೀಳಬಾರದು. ತೊಳೆದ ಮರುದಿನ ಡಿಸ್ಕಿನ ಮೇಲೆ ಕಾಣುವ ಕೆಂಪು ತುಕ್ಕಿಗೆ ಹೆದರಬೇಡಿ, ನಾಲ್ಕು ಸಲ ಬ್ರೇಕ್ ಒತ್ತಿದರೆ ಹೋಗುತ್ತದೆ.

ಈಗ ಹುಳುವಿನ ವಿಷಯ. ಕಲ್ಲು ಸಿಡಿದೋ, ಫುಟ್‌ಪಾತ್ ಅಂಚಿಗೆ ಉಜ್ಜಿಯೋ, ಸ್ಕ್ರಬ್ಬರಿನಿಂದಲೋ ಕ್ಲಿಯರಿನಲ್ಲಿ ಒಂದು ಬಿರುಕು. ಅಲ್ಲಿಂದ ಉಪ್ಪುನೀರು ಒಳಗೆ. ಅಲ್ಯೂಮಿನಿಯಂ ಬಿಳಿ ಹೈಡ್ರಾಕ್ಸೈಡ್ ಪುಡಿಯಾಗುತ್ತದೆ. ಪುಡಿಗೆ ಲೋಹಕ್ಕಿಂತ ಹೆಚ್ಚು ಜಾಗ ಬೇಕು, ಹಾಗಾಗಿ ಮೇಲಿನ ಕ್ಲಿಯರನ್ನು ಎತ್ತುತ್ತದೆ. ಎದ್ದ ಸಂದಿಗೆ ಇನ್ನಷ್ಟು ನೀರು. ಹೀಗೆ ದಾರದಂತೆ ಮುಂದೆ ಹರಿಯುತ್ತದೆ. ಡೈಮಂಡ್ ಕಟ್ ಚಕ್ರಗಳಲ್ಲಿ ಇದು ಜಾಸ್ತಿ. ಅವುಗಳ ಮುಖವನ್ನು ಲೇತಿನಲ್ಲಿ ಕಡೆದು, ಬರಿ ಲೋಹದ ಮೇಲೆ ನೇರವಾಗಿ ಕ್ಲಿಯರ್ ಹಾಕಿರುತ್ತಾರೆ. ಕಡೆದ ಚೂಪು ಅಂಚಿನಲ್ಲಿ ಕ್ಲಿಯರ್ ತೆಳುವಾಗಿ ಕೂತಿರುತ್ತದೆ, ಹುಳು ಹೊರಡುವುದು ಅಲ್ಲಿಂದಲೇ. ಆ ಕಡೆದ ಗೆರೆಗಳನ್ನು ಕೈಯಲ್ಲಿ ಮರಳಿ ತರಲು ಬರುವುದಿಲ್ಲ. ಸಿಎನ್‌ಸಿ (ಕಂಪ್ಯೂಟರ್ ನಡೆಸುವ) ಲೇತ್ ಇರುವವರ ಹತ್ತಿರ ಕಡೆಸಬೇಕು, ಪ್ರತಿ ಸಲವೂ ಲೋಹ ಕಡಿಮೆಯಾಗುವುದರಿಂದ ಅದನ್ನೂ ಎಷ್ಟು ಸಲ ಬೇಕಾದರೂ ಮಾಡಿಸುವಂತಿಲ್ಲ. ಮನೆಯಲ್ಲೇ ಮಾಡುವವರಿಗೆ ನನ್ನ ಸಲಹೆ: ಡೈಮಂಡ್ ಕಟ್ ಮರೆತು ಇಡೀ ಮುಖಕ್ಕೆ ಬೆಳ್ಳಿ ಅಥವಾ ಗನ್ ಮೆಟಲ್ ಬಣ್ಣ ಹೊಡೆಯಿರಿ. ನೋಡಲು ಸಪ್ಪೆ, ಬಾಳಿಕೆ ಹೆಚ್ಚು.

ಬಣ್ಣದ ಕೆಲಸಕ್ಕೆ ಚಕ್ರ ಬಿಚ್ಚಬೇಕು. ಸಮತಟ್ಟು ನೆಲ, ಹ್ಯಾಂಡ್‌ಬ್ರೇಕ್, ಗೇರಿನಲ್ಲಿ ಕಾರು, ಎದುರು ಬದಿಯ ಚಕ್ರಕ್ಕೆ ಎರಡೂ ಕಡೆ ಕಲ್ಲು. ಜಾಕ್ ಎತ್ತುವ ಮುಂಚೆ ಪಾನದಿಂದ ನಟ್‌ಗಳನ್ನು ಕಾಲು ಸುತ್ತು ಸಡಿಲಿಸಿ. ಬಿಚ್ಚಿದ ಜಾಗದಲ್ಲಿ ಸ್ಟೆಪ್ನಿ ಹಾಕಿ ಕಾರನ್ನು ಕೆಳಗಿಳಿಸಿ, ಜಾಕಿನ ಮೇಲೆ ದಿನಗಟ್ಟಲೆ ಬಿಡಬೇಡಿ. ಹೀಗೆ ಒಂದು ಸಲಕ್ಕೆ ಒಂದು ಚಕ್ರದಂತೆ ನಾಲ್ಕು ವಾರಾಂತ್ಯದ ಕೆಲಸ. ಒಳಬದಿಯನ್ನೂ ನೋಡಿ. ಎಲ್ಲಾದರೂ ಸೀಳು ಕಂಡರೆ ಬಣ್ಣದ ಯೋಚನೆ ಬಿಟ್ಟು ಚಕ್ರ ಬದಲಿಸಿ. ಬಗ್ಗಿದ್ದನ್ನು ಬೆಂಕಿಯಲ್ಲಿ ಕಾಯಿಸಿ ಬಡಿಯುವವರಿಗೂ ಕೊಡಬೇಡಿ. ಈ ಎರಕದ ಬಲ ಬಂದಿರುವುದೇ ಕಾರ್ಖಾನೆಯ ಅಳತೆಯ ಶಾಖದಿಂದ, ಬೀದಿಬದಿಯ ಬೆಂಕಿ ಅದನ್ನು ಕಳೆಯುತ್ತದೆ.

ಎದ್ದ ಸಿಪ್ಪೆಯನ್ನೆಲ್ಲ ಪ್ಲಾಸ್ಟಿಕ್ ಚೂರಿನಿಂದ ಕೆರೆದು, 240ರ ವಾಟರ್ ಪೇಪರಿನಿಂದ (ಅಂಕಿ ಏರಿದಷ್ಟೂ ನುಣುಪಾಗುವ ಮರಳುಕಾಗದ) ಬಿಳಿ ಪುಡಿ ಪೂರ್ತಿ ಹೋಗಿ ಶುದ್ಧ ಲೋಹ ಕಾಣುವವರೆಗೆ ಉಜ್ಜಿ. ಹುಳುವಿನ ತುದಿ ಕಂಡ ಕಡೆಗಿಂತ ಒಂದು ಸೆಂಟಿಮೀಟರ್ ಆಚೆವರೆಗೆ ಹೋಗಬೇಕು. ಒಂದು ಬಿಳಿ ಚುಕ್ಕೆ ಉಳಿದರೂ ಹೊಸ ಬಣ್ಣದ ಕೆಳಗೆ ಮತ್ತೆ ಹೊರಡುತ್ತದೆ. ಆಮೇಲೆ 400, ಆಮೇಲೆ 600. ಪೇಪರನ್ನು ನೀರಿನಲ್ಲಿ ಅದ್ದಿಯೇ ಉಜ್ಜಿ, ಒಣ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಹಳೆಯ ಬಣ್ಣಕ್ಕೂ ಬರಿ ಲೋಹಕ್ಕೂ ನಡುವಿನ ಮೆಟ್ಟಿಲು ಬೆರಳಿಗೆ ಸಿಗಬಾರದು. ಕಣ್ಣನ್ನು ನಂಬಬೇಡಿ, ಕಣ್ಣು ಮುಚ್ಚಿ ಬೆರಳಾಡಿಸಿ. ಇಲ್ಲಿ ಸಿಗುವ ಮೆಟ್ಟಿಲು ಬಣ್ಣ ಹೊಡೆದ ಮೇಲೆ ಹತ್ತು ಅಡಿ ದೂರದಿಂದಲೂ ಕಾಣುತ್ತದೆ. ಫುಟ್‌ಪಾತಿಗೆ ಉಜ್ಜಿದ ಗೀರು ಒಂದು ಮಿಲಿಮೀಟರಿನಷ್ಟು ಆಳವಿದ್ದರೆ ಅಲ್ಯೂಮಿನಿಯಂ ಪುಡಿ ಬೆರೆತ ಎಪಾಕ್ಸಿ ಪುಟ್ಟಿ ತುಂಬಿ, ಒಣಗಿದ ಮೇಲೆ ಸಮ ಮಾಡಿ.

ಟೈರ್ ಮರೆಮಾಡಲು ಇಸ್ಪೀಟ್ ಎಲೆಗಿಂತ ಒಳ್ಳೆಯ ಸಾಧನ ಇಲ್ಲ. ಗಾಳಿ ಸ್ವಲ್ಪ ಇಳಿಸಿ, ರಿಮ್ಮಿಗೂ ಟೈರಿಗೂ ನಡುವಿನ ಸಂದಿಗೆ ಎಲೆಗಳನ್ನು ಒಂದರ ಮೇಲೊಂದು ಮೂರನೇ ಒಂದು ಭಾಗ ಹತ್ತಿಸಿ ಸುತ್ತಲೂ ಸಿಕ್ಕಿಸಿ. 15 ಇಂಚಿನ ಚಕ್ರಕ್ಕೆ 30-35 ಎಲೆ ಬೇಕು. ವಾಲ್ವಿಗೆ ಟೇಪ್. ನಟ್ ಕೂರುವ ಗುಳಿಗಳಿಗೂ, ಚಕ್ರ ಕೂರುವ ಹಬ್ (hub) ತಟ್ಟೆಗೆ ಅಂಟುವ ಹಿಂಬದಿಯ ಚಪ್ಪಟೆ ಮುಖಕ್ಕೂ ಟೇಪ್ ಕಡ್ಡಾಯ. ಅಲ್ಲಿ ಬಣ್ಣ ಕೂತರೆ ಓಡಾಟದಲ್ಲಿ ಅದು ಜಜ್ಜಿಹೋಗಿ ನಟ್ ಸಡಿಲವಾಗುತ್ತದೆ. ಇಡೀ ಬರಹದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ.

ಮೇಲ್ಮೈಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿದ ಮೇಲೆ ಬರಿಗೈ ತಾಗಬಾರದು. ಲೋಹ ಕಾಣುವ ಕಡೆ ಎಚಿಂಗ್ (etching) ಪ್ರೈಮರ್, ಅಂದರೆ ಬರಿ ಲೋಹಕ್ಕೆ ಕಚ್ಚಿಕೊಳ್ಳುವಂಥದ್ದು. ಮಾಮೂಲಿ ಪ್ರೈಮರನ್ನು ಅಲ್ಯೂಮಿನಿಯಂ ಮೇಲೆ ನೇರ ಹೊಡೆದರೆ ಮುಂದೆ ಹಾಳೆಯಂತೆ ಕಿತ್ತು ಬರುತ್ತದೆ. ಕ್ಯಾನನ್ನು ಎರಡು ನಿಮಿಷ ಚೆನ್ನಾಗಿ ಅಲ್ಲಾಡಿಸಿ, 20ರಿಂದ 30 ಸೆಂ.ಮೀ. ದೂರದಿಂದ, ಚಕ್ರದ ಆಚೆಯಿಂದ ಶುರುಮಾಡಿ ಆಚೆಗೇ ಮುಗಿಸಿ. ಮೊದಲ ಪದರ ಹಿಟ್ಟು ಚಿಮುಕಿಸಿದ ಹಾಗೆ ಇರಬೇಕು, ಕೆಳಗಿನದು ಕಾಣುತ್ತಿರಬೇಕು. ಪ್ರೈಮರ್ ಎರಡು ಪದರ, ಬಣ್ಣ ಮೂರು, ಕ್ಲಿಯರ್ ಮೂರು, ನಡುವೆ 10-15 ನಿಮಿಷ. ಕ್ಲಿಯರ್ ಹೊಡೆಯುವ ಮುಂಚೆ ಬಣ್ಣಕ್ಕೆ ಅರ್ಧ ಗಂಟೆ. ನಾಲ್ಕು ಚಕ್ರಕ್ಕೆ 400 ಮಿ.ಲೀ.ನ ಎರಡು ಪ್ರೈಮರ್, ಮೂರು ಬಣ್ಣ, ಎರಡು ಮೂರು ಕ್ಲಿಯರ್ ಕ್ಯಾನ್ ಹಿಡಿಸೀತು. ಒಂದೇ ಸಲಕ್ಕೆ ಮುಚ್ಚಲು ಹೋದರೆ ಬಣ್ಣ ಹನಿಯಾಗಿ ಇಳಿಯುತ್ತದೆ. ಇಳಿದದ್ದನ್ನು ಹಸಿಯಲ್ಲಿ ಒರೆಸಬೇಡಿ, ಒಣಗಿದ ಮೇಲೆ 600ರಲ್ಲಿ ಉಜ್ಜಿ ಮತ್ತೆ ಹೊಡೆಯಿರಿ. ಗಟ್ಟಿಕಾರಕ ಬೆರೆಸುವ ಟೂಕೆ (2K) ಕ್ಲಿಯರ್ ಹೆಚ್ಚು ಬಾಳುತ್ತದೆ, ಆದರೆ ಅದರಲ್ಲಿ ಉಸಿರಾಟಕ್ಕೆ ಕೇಡಾದ ಐಸೊಸಯನೇಟ್ ಇದೆ. ಬಟ್ಟೆಯ ಮಾಸ್ಕಿಗೆ ಅದು ನಿಲ್ಲುವುದಿಲ್ಲ. ಸರಿಯಾದ ರೆಸ್ಪಿರೇಟರ್ ಇಲ್ಲದವರು, ಮನೆಯಲ್ಲಿ ಮಕ್ಕಳಿರುವವರು ಒಂದೇ ಡಬ್ಬಿಯ ಸಾದಾ ಕ್ಲಿಯರಿಗೆ ತೃಪ್ತರಾಗುವುದು ಒಳ್ಳೆಯದು.

ಯಾವಾಗ ಹೊಡೆಯಬೇಕು ಎನ್ನುವುದೂ ಮುಖ್ಯ. ಮಳೆಗಾಲದಲ್ಲಿ ಕ್ಲಿಯರ್ ಹಾಲಿನಂತೆ ಬಿಳಿಚುತ್ತದೆ. ದ್ರಾವಕ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅದರೊಳಗೆ ಸಿಕ್ಕಿಬೀಳುವುದು ಕಾರಣ. ತೊಳೆಯುವ ಕೆಲಸ ಆಯುಧಪೂಜೆಗೆ ಮಾಡಿ, ಬಣ್ಣವನ್ನು ಜನವರಿಯಿಂದ ಮಾರ್ಚಿಗೆ ಇಟ್ಟುಕೊಳ್ಳಿ. ಹೊತ್ತು ಏರಿ ಇಬ್ಬನಿ ಆರಿದ ಮೇಲೆ, ನೆರಳಿನಲ್ಲಿ, ಗಾಳಿ ಬೀಸದ ಕಡೆ.

ಬಣ್ಣವೇ ಬೇಡ, ಲೋಹವನ್ನೇ ಕನ್ನಡಿ ಮಾಡುತ್ತೇನೆ ಎನ್ನುವವರೂ ಇದ್ದಾರೆ. ಮಾಡಬಹುದು. 400, 600, 800, 1000, 1500, 2000 ಹೀಗೆ ಒಂದನ್ನೂ ಬಿಡದೆ, ಪ್ರತಿ ಸಲ ಹಿಂದಿನ ಗೀರಿಗೆ ಅಡ್ಡಲಾಗಿ ಉಜ್ಜಿ, ಆಮೇಲೆ ಮೆಟಲ್ ಪಾಲಿಷ್. ಬಟ್ಟೆ ಕರ್ರಗಾಗುತ್ತಲೇ ಇರುತ್ತದೆ. ಅದು ಕೊಳೆಯಲ್ಲ, ಸವೆದ ಅಲ್ಯೂಮಿನಿಯಂ, ಬಟ್ಟೆ ಬೆಳ್ಳಗಾಗಲಿ ಎಂದು ಕಾದರೆ ಚಕ್ರವೇ ಮುಗಿದೀತು. ಈ ಕನ್ನಡಿ ಮೈಸೂರಿನಲ್ಲಿ ತಿಂಗಳುಗಟ್ಟಲೆ ಇದ್ದರೆ ಉಡುಪಿಯಲ್ಲಿ ಎರಡು ಮೂರು ವಾರಕ್ಕೇ ಮಂಕಾದರೆ ಆಶ್ಚರ್ಯವಿಲ್ಲ. ಅದರ ಮೇಲೆ ಕ್ಲಿಯರ್ ಹೊಡೆದರೆ ಅಷ್ಟು ನುಣುಪಿಗೆ ಹಿಡಿತ ಸಾಲದೆ ಸಿಪ್ಪೆ ಏಳುತ್ತದೆ. ಪ್ರದರ್ಶನದ ಹಳೇ ಕಾರಿಗೆ ಸರಿ, ಕೆಲಸಕ್ಕೆ ಹೋಗುವ ಕಾರಿಗೆ ಇದು ತಲೆನೋವು.

ಕಬ್ಬಿಣದ ರಿಮ್ ಇರುವವರ ಕೆಲಸ ಸುಲಭ. ವೀಲ್ ಕ್ಯಾಪ್ ತೆಗೆದು ಅದರ ಹಿಂದೆ ತೇವ ಹಿಡಿದ ಮಣ್ಣು ತೊಳೆದು, ತಂತಿ ಬ್ರಷ್ಷಿನಿಂದ ತುಕ್ಕು ಕೆರೆದು, ಉಳಿದದ್ದಕ್ಕೆ ಫಾಸ್ಫಾರಿಕ್ ಆಮ್ಲದ ರಸ್ಟ್ ಕನ್ವರ್ಟರ್, ಮೇಲೆ ಪ್ರೈಮರ್, ಬೆಳ್ಳಿ ಬಣ್ಣ. ತಂತಿ ಬ್ರಷ್ ಅಲಾಯ್ ಹತ್ತಿರ ಮಾತ್ರ ಬರಬಾರದು.

ವಾರಕ್ಕೆ ಮೂರು ನಾಲ್ಕು ಪಿಎಸ್‌ಐ ಗಾಳಿ ಇಳಿಯುತ್ತದೆ, ಪಂಚರ್ ಅಂಗಡಿಯವರಿಗೆ ಮೊಳೆ ಸಿಗುವುದಿಲ್ಲ ಎಂದಾದರೆ ಟೈರಿನ ಅಂಚು ಕೂರುವ ಒಳತುಟಿಯಲ್ಲಿ ಬಿಳಿ ಪುಡಿ ಎದ್ದಿರಬಹುದು. ಟೈರ್ ಬಿಚ್ಚಿಸಿ ನೈಲಾನ್ ಪ್ಯಾಡಿನಿಂದ ನುಣ್ಣಗೆ ಮಾಡಿಸಿ, ಬೀಡ್ ಸೀಲರ್ (ಟೈರಿನ ಅಂಚಿನಲ್ಲಿ ಗಾಳಿ ತಡೆಯುವ ಅಂಟು) ಹಚ್ಚಿ ಕೂರಿಸಬೇಕು. ಅಲ್ಲಿ ಪುಟ್ಟಿ ತುಂಬಲು ಬಿಡಬೇಡಿ. ಬ್ಯಾಲೆನ್ಸಿಂಗಿಗೆ ಬಡಿದು ಸಿಕ್ಕಿಸುವ ತೂಕದ ಬದಲು ಒಳಬದಿಗೆ ಅಂಟಿಸುವ ತೂಕ ಕೇಳಿ. ಕಬ್ಬಿಣದ ಕ್ಲಿಪ್ ಕ್ಲಿಯರನ್ನು ಸೀಳಿ ಅಲ್ಯೂಮಿನಿಯಮ್ಮಿಗೆ ತಾಗಿದ ಕಡೆ, ನೀರು ಸೇರಿದರೆ, ಎರಡು ಲೋಹದ ನಡುವೆ ಸಣ್ಣ ಬ್ಯಾಟರಿಯೇ ಶುರುವಾಗಿ ಅಲ್ಯೂಮಿನಿಯಂ ಸವೆಯುತ್ತದೆ.

ಬಣ್ಣ ಹೊಡೆದ ಚಕ್ರವನ್ನು ಕನಿಷ್ಠ ಒಂದು ದಿನ ಮುಟ್ಟಬೇಡಿ, ಎರಡು ದಿನ ಇನ್ನೂ ಒಳ್ಳೆಯದು. ವಾರದವರೆಗೆ ಶಾಂಪೂ ಬೇಡ. ಇಳಿಸಿದ ಗಾಳಿಯನ್ನು ಬಾಗಿಲ ಕಂಬದ ಮೇಲಿನ ಚೀಟಿಯಲ್ಲಿರುವ ಅಂಕಿಗೆ ತುಂಬಿ. ನಟ್‌ಗಳನ್ನು ಮೊದಲು ಕೈಯಲ್ಲೇ ಕೂರಿಸಿ. ಮಾರುತಿ ಕಾರುಗಳಲ್ಲಿ ಸಾಮಾನ್ಯವಾಗಿ ನಟ್ಟಿನ ಎಳೆಗಳ ನಡುವಿನ ಅಂತರ (ಪಿಚ್) 1.25 ಮಿ.ಮೀ., ಹ್ಯುಂಡೈ, ಟೊಯೋಟಾದಲ್ಲಿ 1.5. ಬೇರೆ ಕಾರಿನ ನಟ್ ಒಂದೆರಡು ಸುತ್ತು ಹತ್ತಿದ ಹಾಗೆ ಮಾಡಿ ಎಳೆಯನ್ನು ತಿಂದುಬಿಡುತ್ತದೆ. ಕೈಗೆ ಸಲೀಸಾಗಿ ಹೋದ ಮೇಲೆ ನಕ್ಷತ್ರದಂತೆ ಎದುರುಬದುರು ಬಿಗಿಯಿರಿ. ಬಿಗಿತ (ಟಾರ್ಕ್) ಸಣ್ಣ ಕಾರುಗಳಿಗೆ 85ರಿಂದ 120 ನ್ಯೂಟನ್ ಮೀಟರ್ ನಡುವೆ ಇರುತ್ತದೆ, ನಿಮ್ಮ ಕಾರಿನ ಪುಸ್ತಕದಲ್ಲಿ ನಿಖರ ಅಂಕಿ ಇದೆ. ಪಾನದ ಮೇಲೆ ಹತ್ತಿ ಕುಣಿಯಬೇಡಿ. 50-100 ಕಿಲೋಮೀಟರ್ ಓಡಿಸಿದ ಮೇಲೆ, ಚಕ್ರ ತಣ್ಣಗಿರುವಾಗ, ಟಾರ್ಕ್ ರೆಂಚ್ ಹಾಕಿ ನಾಲ್ಕೂ ಚಕ್ರ ಮತ್ತೊಮ್ಮೆ ನೋಡಿ. ಯಾವುದಾದರೂ ನಟ್ ಕಾಲು ಸುತ್ತಿಗಿಂತ ಹೆಚ್ಚು ತಿರುಗಿದರೆ ಆ ಚಕ್ರ ಬಿಚ್ಚಿ ಗುಳಿ ನೋಡಿ, ಟೇಪಿನ ಅಂಚಿನಿಂದ ಬಣ್ಣ ಒಳನುಗ್ಗಿರಬಹುದು.